ಕಿತ್ತು ಹಾಕಿದರೆ ಇನ್ನೂ ಜಾಸ್ತಿ ಆಗುತ್ತಂತೆ! ಏನಿದು ಕಾರ್ಪೆಟ್ ಸೀ ಸ್ಕ್ವರ್ಟ್?

ಹಗ್ಗದ_ತುದಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನೀರಿನೊಳಗೆ ತೆಗೆದ ಒಂದು ವಿಡಿಯೋ ನೋಡುತ್ತಿದ್ದೆ. ದೋಣಿ ಕಟ್ಟುವ ತೇಲುಗಟ್ಟೆಯ ಕೆಳಗೆ ಒಂದು ಹಗ್ಗ ಇಳಿಬಿದ್ದಿದೆ. ಅದರ ಸುತ್ತ ಮಾಸಲು ಹಳದಿ ಬಣ್ಣದ್ದೇನೋ ಮೆತ್ತಿಕೊಂಡು, ಮೇಣದಬತ್ತಿ ಕರಗಿ ಸುರಿದು ಹಾಗೇ ಗಟ್ಟಿಯಾದ ಹಾಗೆ ನೇತಾಡುತ್ತಿದೆ. ಡೈವರ್ ಕೈ ಹತ್ತಿರ ತಂದು, ಮುಟ್ಟದೆ ಹಿಂದಕ್ಕೆ ಎಳೆದುಕೊಂಡ. ಕೆಳಗೆ ಬರೆದಿದ್ದರು: "ಕಾರ್ಪೆಟ್ ಸೀ ಸ್ಕ್ವರ್ಟ್. ಕೀಳಬೇಡಿ. ಫೋಟೋ ತೆಗೆದು ತಿಳಿಸಿ."

ಅಲ್ಲ, ಬೇಡದ ಜೀವಿ ಅಂತ ಅವರೇ ಹೇಳುತ್ತಾರೆ. ಕೀಳಬೇಡಿ ಅಂತಲೂ ಅವರೇ ಹೇಳುತ್ತಾರೆ. ಕಳೆ ಕಂಡರೆ ಕೀಳಬೇಕು ತಾನೆ? ಮತ್ತೆ ಇದು ಗಿಡವೋ, ಸ್ಪಂಜೋ, ಪ್ರಾಣಿಯೋ? ನೋಡಿದರೆ ಯಾವುದೂ ಅನ್ನಿಸುವುದಿಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ತಲೆಹರಟೆ

ಯಾರೋ ಮೂಗು ಸೀನಿ ಹಗ್ಗಕ್ಕೆ ಒರೆಸಿದ್ದಾರೆ. ಚರ್ಚೆ ಮುಗಿಯಿತು.

ಗೊದಮೊಟ್ಟೆ

ತಮಾಷೆ ಆಮೇಲೆ. ಅದು ಪ್ರಾಣಿ. ಸ್ಪಂಜಲ್ಲ, ಗಿಡವಂತೂ ಅಲ್ಲವೇ ಅಲ್ಲ. ಹೆಸರು ಡಿಡೆಮ್ನಮ್ ವೆಕ್ಸಿಲ್ಲಮ್. ವೆಕ್ಸಿಲ್ಲಮ್ ಅಂದರೆ ಲ್ಯಾಟಿನ್‌ನಲ್ಲಿ ಬಾವುಟ.

ಸಮುದ್ರದಲ್ಲಿ ಕಲ್ಲು, ಹಗ್ಗ, ಕಂಬಗಳಿಗೆ ಅಂಟಿಕೊಂಡು ಬದುಕುವ ಸೀ ಸ್ಕ್ವರ್ಟ್‌ಗಳು ಸಾವಿರಾರು ಜಾತಿ ಇವೆ. ಮೈ ಅಂದರೆ ಎರಡು ಬಾಯಿಯ ಒಂದು ಚೀಲ. ಒಂದರಿಂದ ನೀರು ಎಳೆದುಕೊಳ್ಳುತ್ತದೆ, ಒಳಗಿನ ಜರಡಿಯಲ್ಲಿ ಸಣ್ಣ ಪಾಚಿಕಣ, ಬ್ಯಾಕ್ಟೀರಿಯಾ ಸೋಸಿ ತಿನ್ನುತ್ತದೆ, ಇನ್ನೊಂದರಿಂದ ನೀರು ಹೊರಗೆ ಬಿಡುತ್ತದೆ. ನೀರಿನಿಂದ ಮೇಲೆತ್ತಿ ಒತ್ತಿದರೆ ಪಿಚಕ್ ಅಂತ ನೀರು ಹಾರಿಸುತ್ತದೆ. ಹೆಸರು ಬಂದಿದ್ದೇ ಅದಕ್ಕೆ.

ಇವುಗಳಲ್ಲಿ ಒಂಟಿಯಾಗಿ ಬದುಕುವವು ಇವೆ, ಕಾಲನಿ ಕಟ್ಟುವವು ಇವೆ. ನೀವು ನೋಡಿದ್ದು ಕಾಲನಿ. ಆ ಹಳದಿ ಚಾದರದಲ್ಲಿ ಒಂದೊಂದು ಮಿಲಿಮೀಟರ್‌ನಷ್ಟೇ ಇರುವ ಸಾವಿರಾರು ಸಣ್ಣ ಜೀವಿಗಳು ಇವೆ. ಝೂಯಿಡ್ ಅನ್ನುತ್ತಾರೆ. ಎಲ್ಲಕ್ಕೂ ಸೇರಿ ಹೊದಿಕೆ ಒಂದೇ. ನೀರು ಒಳಗೆ ಹೋಗುವ ಬಾಯಿ ಪ್ರತಿಯೊಂದಕ್ಕೂ ಬೇರೆ, ಹೊರಗೆ ಬಿಡುವ ದೊಡ್ಡ ತೂತು ಮಾತ್ರ ಹತ್ತಾರು ಝೂಯಿಡ್‌ಗಳಿಗೆ ಸೇರಿ ಒಂದು.

ತಲೆಹರಟೆ

ಅಂದರೆ ಅಪಾರ್ಟ್‌ಮೆಂಟ್. ನಲ್ಲಿ ಬೇರೆ ಬೇರೆ, ಚರಂಡಿ ಒಂದೇ.

ಗೊದಮೊಟ್ಟೆ

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಚೆನ್ನಾಗಿರುವ ಹೋಲಿಕೆ ನನಗೇ ಹೊಳೆದಿರಲಿಲ್ಲ.

ಹಗ್ಗದ_ತುದಿ

ಮೇಷ್ಟ್ರೇ, ಕೀಳಬೇಡಿ ಅನ್ನುವುದು ಯಾಕೆ, ಅದನ್ನು ಹೇಳಲೇ ಇಲ್ಲ.

ಬೂದಿನೀರು

ಅದಕ್ಕೆ ನಾನು ಹೇಳುತ್ತೇನೆ. ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ. ವಾರಾಂತ್ಯದಲ್ಲಿ ಜೀಲ್ಯಾಂಡ್‌ನ ಊಸ್ಟರ್‌ಸ್ಕೆಲ್ಡಾ ಅನ್ನುವ ಕಡಲ ಕೊಲ್ಲಿಯಲ್ಲಿ ಡೈವ್ ಮಾಡುತ್ತೇನೆ. ಅಲ್ಲಿ ಇದು 1991ರಲ್ಲೇ ಕಣ್ಣಿಗೆ ಬಿದ್ದಿತ್ತು, 1996ರ ಆಮೇಲೆ ವಿಪರೀತ ಹರಡಿತು. ಬೇಸಿಗೆಯ ಕೊನೆಯಲ್ಲಿ ಹೋದರೆ ಕೆಲವು ಕಡೆ ಕಲ್ಲೇ ಕಾಣಿಸುವುದಿಲ್ಲ, ಎಲ್ಲ ಇದೇ.

ಶುರುವಿನಲ್ಲಿ ನಾನೂ ನಿಮ್ಮ ಹಾಗೇ ಯೋಚಿಸಿದ್ದೆ. ಚಾಕು ತೆಗೆದು ಒಂದು ತುದಿ ಎಬ್ಬಿಸಿದೆ. ಒದ್ದೆ ಚಕ್ಕಳದ ಹಾಗೆ ಬಂತು, ಬರುತ್ತಾ ಬರುತ್ತಾ ಹರಿಯಿತು. ಚೂರುಗಳೆಲ್ಲ ನೀರಿನ ಸೆಳೆತಕ್ಕೆ ಸಿಕ್ಕಿ, ನನ್ನ ಟಾರ್ಚಿನ ಬೆಳಕು ದಾಟಿ ಕತ್ತಲಿಗೆ ಹೋದವು. ಜೊತೆಗಿದ್ದ ಹಿರಿಯ ಡೈವರ್ ನನ್ನ ಮಣಿಕಟ್ಟು ಹಿಡಿದು ಬೆರಳು ಅಲ್ಲಾಡಿಸಿದರು. ಮೇಲೆ ಬಂದ ಮೇಲೆ ಚೆನ್ನಾಗಿ ಬೈದರು. ಆ ಒಂದೊಂದು ಚೂರೂ ಎಲ್ಲಾದರೂ ತಗುಲಿಕೊಂಡರೆ ಹೊಸ ಕಾಲನಿ.

ಗೊದಮೊಟ್ಟೆ

ಇದೇ ವಿಷಯದ ಬುಡ. ಈ ಪ್ರಾಣಿಗೆ ಸಂತಾನ ಬೆಳೆಸಲು ಎರಡು ದಾರಿ. ಒಂದು, ಮೊಟ್ಟೆಯಿಂದ. ಮರಿಯನ್ನು ಹೊದಿಕೆಯೊಳಗೇ ಇಟ್ಟುಕೊಂಡು ಬೆಳೆಸಿ ಹೊರಗೆ ಬಿಡುತ್ತದೆ. ಆ ಮರಿ ಥೇಟ್ ಗೊದಮೊಟ್ಟೆ, ಅದಕ್ಕೇ ನನ್ನ ಹೆಸರು! ಅದು ಈಜುವುದು ಕೆಲವೇ ಗಂಟೆ, ಬಹಳ ಅಂದರೆ ಒಂದು ದಿನ. ಅಷ್ಟರಲ್ಲಿ ಜಾಗ ಹಿಡಿಯಬೇಕು, ಇಲ್ಲವಾದರೆ ಸಾಯಬೇಕು. ಹಾಗಾಗಿ ತಾನಾಗಿ ಅದು ದೂರ ಹೋಗುವುದಿಲ್ಲ.

ಎರಡನೆಯದು, ಮೊಗ್ಗೊಡೆಯುವುದು. ಒಂದು ಝೂಯಿಡ್ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಚೂರಾದರೆ ಚೂರಿನೊಳಗೂ ಅದೇ ಕೆಲಸ ನಡೆಯುತ್ತದೆ. ಚೂರಿನೊಳಗೆ ಬೆಳೆಯುತ್ತಿರುವ ಮರಿಗಳಿದ್ದರೆ ಅವೂ ಜೊತೆಗೇ ಪ್ರಯಾಣ ಮಾಡುತ್ತವೆ.

ಎರಡುಕಾಸು

ಒಂದು ವಿಷಯ ಅರ್ಥ ಆಗುತ್ತಿಲ್ಲ. ಮರಿ ಈಜುವುದು ಕೆಲವೇ ಗಂಟೆ. ದೊಡ್ಡದು ಅಲ್ಲಾಡುವುದೇ ಇಲ್ಲ. ಹಾಗಿದ್ದರೆ ಜಗತ್ತೆಲ್ಲ ಹೇಗೆ ಹರಡಿತು?

ಇಂಜಿನ್‌ರೂಮ್

ನಾವೇ ಹೊತ್ತುಕೊಂಡು ಹೋದೆವು. ಇನ್ನು ಹೇಗೆ?

ಹಡಗಿನಲ್ಲಿ 19 ವರ್ಷ ಇಂಜಿನಿಯರ್ ಆಗಿದ್ದೆ. ಬಹಳ ಜನ ಎಲ್ಲದಕ್ಕೂ ಬ್ಯಾಲಸ್ಟ್ ನೀರನ್ನೇ (ಹಡಗು ಸಮತೋಲದಲ್ಲಿ ಇರಲಿ ಅಂತ ಟ್ಯಾಂಕಿಗೆ ತುಂಬುವ ನೀರು) ದೂರುತ್ತಾರೆ. ಅದು ಎಷ್ಟೋ ಜೀವಿಗಳ ವಿಷಯದಲ್ಲಿ ನಿಜ. ಆದರೆ ಕೆಲವೇ ಗಂಟೆ ಬದುಕುವ ಮರಿ, ಸಾಗರ ದಾಟುವ ತನಕ ಕತ್ತಲೆ ಟ್ಯಾಂಕಿನಲ್ಲಿ ಉಳಿಯುತ್ತಾ? ಇದು ಬರುವುದು ಹಡಗಿನ ಹೊಟ್ಟೆಗೆ ಅಂಟಿಕೊಂಡು.

ಅದರಲ್ಲೂ ಸೀ ಚೆಸ್ಟ್ ಅಂತ ಒಂದು ಜಾಗ ಇದೆ. ಇಂಜಿನ್ ತಣಿಸಲು ಸಮುದ್ರದ ನೀರು ಒಳಗೆ ಎಳೆಯುವ ಪೆಟ್ಟಿಗೆ, ಮುಂದೆ ಜಾಲರಿ. ಹೊರಗಿನ ತಳಕ್ಕೆ ಅಲೆ, ಸೆಳೆತ ಎಲ್ಲ ಬಡಿಯುತ್ತದೆ. ಈ ಪೆಟ್ಟಿಗೆಯೊಳಗೆ ಆ ಕಾಟ ಇಲ್ಲ. ಹೊಸ ನೀರು ಬರುತ್ತಲೇ ಇರುತ್ತದೆ. ಸೋಸಿ ತಿನ್ನುವ ಜೀವಿಗೆ ಕೂತಲ್ಲೇ ಊಟ. ಒಂದು ಕಂಪನಿಯವರು ಡ್ರೈಡಾಕ್ (ಹಡಗನ್ನು ನೀರಿನಿಂದ ಹೊರಗೆ ತಂದು ರಿಪೇರಿ ಮಾಡುವುದು) ಮುಂದೂಡುತ್ತಾ ಮುಂದೂಡುತ್ತಾ ಹೋಗಿ, ಕೊನೆಗೆ ಇಂಜಿನ್ ಬಿಸಿಯಾಗಲು ಶುರುವಾದ ಮೇಲೆ ಹಡಗು ಮೇಲೆ ಎತ್ತಿಸಿದರು. ಜಾಲರಿಯ ಬೋಲ್ಟ್ ಬಿಚ್ಚಿ ತಲೆ ಒಳಗೆ ಹಾಕಿದೆ. ಬಾರ್ನಕಲ್ ಅನ್ನುವ ಗಟ್ಟಿ ಕವಚದ ಸಣ್ಣ ಅಂಟುಜೀವಿ, ಚಿಪ್ಪು, ಅದರ ಮೇಲೆ ಬೆರಳು ದಪ್ಪದ ತೊಗಲು ಚೀಲಗಳು ಗೊಂಚಲು ಗೊಂಚಲು. ಒಂದಕ್ಕೆ ಸ್ಕ್ರೂಡ್ರೈವರ್ ತಗುಲಿತು ನೋಡಿ, ಸೀದಾ ಕಣ್ಣಿಗೆ ನೀರು! ಆ ವಾಸನೆ ಇವತ್ತಿಗೂ ಮರೆತಿಲ್ಲ.

ತಲೆಹರಟೆ

ಇವತ್ತಿಂದ ಇದಕ್ಕೆ ಕನ್ನಡದಲ್ಲಿ "ಕಡಲ ಪಿಚಕಾರಿ" ಅಂತ ಹೆಸರು. ಎಲ್ಲರೂ ಒಪ್ಪಿಕೊಳ್ಳಿ.

ನಿದ್ದೆಗೆಟ್ಟವ

ಒಪ್ಪಿಗೆ. ಚೆನ್ನಾಗಿದೆ.

ಗೊದಮೊಟ್ಟೆ

ಒಂಟಿ ಜಾತಿಗೆ ಸರಿ ಹೋಗುತ್ತದೆ. ಡಿಡೆಮ್ನಮ್ ಹಾರಿಸುವುದಿಲ್ಲವಲ್ಲ, ಅದರ ಝೂಯಿಡ್ ಒಂದು ಮಿಲಿಮೀಟರ್! ಇರಲಿ, ಇಟ್ಟುಕೊಳ್ಳಿ.

ಎರಡುಕಾಸು

ಇಂಜಿನ್‌ರೂಮ್ ಅಣ್ಣ, ಹಡಗಿನ ತಳಕ್ಕೆ ಏನೂ ಅಂಟದ ಬಣ್ಣ ಬಳಿಯುತ್ತಾರಲ್ಲ?

ಇಂಜಿನ್‌ರೂಮ್

ಬಳಿಯುತ್ತಾರೆ. ಹಿಂದೆ ಟಿಬಿಟಿ ಅಂತ ತವರ ಇದ್ದ ಬಣ್ಣ ಇತ್ತು. ಒಂದು ಜೀವಿಯೂ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಬಂದರಿನ ಬಸವನಹುಳು, ಸಿಂಪಿಗಳಿಗೂ ವಿಷ ಹತ್ತಿತು. ಹೆಣ್ಣು ಬಸವನಹುಳುವಿಗೆ ಗಂಡಿನ ಅಂಗ ಬೆಳೆಯುವಷ್ಟು ಕೆಟ್ಟಿತು. 2001ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಯಿತು, 2008ರಲ್ಲಿ ಜಾರಿಗೆ ಬಂತು, ಟಿಬಿಟಿ ನಿಂತಿತು. ಈಗಿನದು ಹೆಚ್ಚಾಗಿ ತಾಮ್ರದ ಬಣ್ಣ.

ಬಣ್ಣದ ಗುಟ್ಟು ಏನಂದರೆ, ಹಡಗು ಓಡುತ್ತಿದ್ದರೆ ನೀರು ಉಜ್ಜಿ ಉಜ್ಜಿ ಮೇಲಿನ ಪದರ ಸವೆದು ಹೊಸ ಪದರ ಬರುತ್ತದೆ. ನಿಂತೇ ಇದ್ದರೆ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ. ಹಾಗಾಗಿ ದೊಡ್ಡ ಕಂಟೇನರ್ ಹಡಗಿಗಿಂತ ತಿಂಗಳುಗಟ್ಟಲೆ ಕಟ್ಟಿಹಾಕಿರುವ ಬಾರ್ಜ್ ಅನ್ನುವ ಚಪ್ಪಟೆ ತಳದ ಸರಕು ದೋಣಿ, ಮಾಲೀಕರು ವರ್ಷಕ್ಕೆರಡು ಸಲ ಬಂದು ಓಡಿಸುವ ಶೋಕಿ ದೋಣಿ, ಇವು ಜಾಸ್ತಿ ಅಪಾಯ.

ಗೊದಮೊಟ್ಟೆ

ಬಾರ್ಜ್ ಅಂದಿರಲ್ಲ, ಈ ಪ್ರಾಣಿಯ ಕಥೆಯೇ ಅಲ್ಲಿಂದ ಶುರು. ನ್ಯೂಜಿಲೆಂಡಿನ ಫಾಂಗಾಮಟಾ ಬಂದರಿನಲ್ಲಿ 2001ರಲ್ಲಿ ಇದು ಕಂಡಿತು. ಸೀ ಸ್ಕ್ವರ್ಟ್‌ಗಳ ವಿಷಯದಲ್ಲಿ ದೊಡ್ಡ ಹೆಸರಾದ ಆಸ್ಟ್ರೇಲಿಯಾದ ಪೆಟ್ರೀಷಿಯಾ ಕಾಟ್ 2002ರಲ್ಲಿ ಹೊಸ ಜಾತಿ ಅಂತ ಹೆಸರಿಟ್ಟರು. ಆಗ ಅದು ಅಲ್ಲಿಯದೇ ಜೀವಿ ಅಂದುಕೊಂಡಿದ್ದರು. ಅಷ್ಟರಲ್ಲಿ ಒಂದು ಬಾರ್ಜ್‌ನ ತಳದಲ್ಲಿ ಕೂತು ದಕ್ಷಿಣ ದ್ವೀಪದ ಪಿಕ್ಟನ್ ಹತ್ತಿರದ ಶೇಕ್ಸ್‌ಪಿಯರ್ ಬೇ ತಲುಪಿತ್ತು. ಪಕ್ಕದಲ್ಲೇ ಮಾರ್ಲ್‌ಬರೋ ಸೌಂಡ್ಸ್, ಮಸೆಲ್ ಚಿಪ್ಪು ಸಾಕುವ ಜಾಗ. ಬಾರ್ಜ್‌ನಿಂದ ಚೂರು ಉದುರಿ ಕೆಳಗಿನ ನೆಲದ ಮೇಲೂ ಬೆಳೆಯಿತು.

ಆಮೇಲೆ ಡಿಎನ್‌ಎ ಹೋಲಿಸಿ ನೋಡಿದಾಗ ತವರು ಜಪಾನ್ ಕಡೆ ಅಂತ ತಿಳಿಯಿತು. ಯಾರಿಗೂ ಹೆಸರು ಗೊತ್ತಿಲ್ಲದ ಜೀವಿ ಎಷ್ಟು ಊರು ಸುತ್ತಿದರೂ ಯಾರೂ ಗುರುತು ಹಿಡಿಯುವುದಿಲ್ಲ ನೋಡಿ. ಹೆಸರಿಡುವ ಹೊತ್ತಿಗೆ ಅದು ಅರ್ಧ ಜಗತ್ತು ಮುಟ್ಟಿಯಾಗಿತ್ತು.

ಹಗ್ಗದ_ತುದಿ

ನ್ಯೂಜಿಲೆಂಡಿನವರು ತೆಗೆಯಲು ನೋಡಲಿಲ್ಲವೇ?

ಗೊದಮೊಟ್ಟೆ

ನೋಡಿದರು. ಜೆಟ್ಟಿಯ ಕಂಬಗಳಿಗೆಲ್ಲ ಪ್ಲಾಸ್ಟಿಕ್ ಸುತ್ತಿದರು. ಒಳಗೆ ನೀರು ನಿಂತು, ಆಮ್ಲಜನಕ ಮುಗಿದು ಸಾಯಲಿ ಅಂತ. ನೆಲದ ಮೇಲೆ ಇದ್ದದ್ದನ್ನು ಹೂಳು ಸುರಿದು ಮುಚ್ಚಿದರು. ಮುಚ್ಚಿದ ಕಡೆ ಸತ್ತಿತು. ಮುಚ್ಚದೆ ಉಳಿದ ಕಡೆಯಿಂದ ಮತ್ತೆ ಬಂತು. ಚಿಪ್ಪಿನ ಹಗ್ಗಗಳಿಗೆ ಹತ್ತಿದ ಮೇಲೆ ಕೈಬಿಟ್ಟರು.

ವೇಲ್ಸ್‌ನ ಹೋಲಿಹೆಡ್ ಬಂದರಿನಲ್ಲೂ ಹಾಗೇ. 2008ರಲ್ಲಿ ಕಂಡಿತು. 2009ರ ಚಳಿಗಾಲದಲ್ಲಿ ತೇಲುಗಟ್ಟೆ, ಸರಪಳಿ ಎಲ್ಲಕ್ಕೂ ದೊಡ್ಡ ದೊಡ್ಡ ಪ್ಲಾಸ್ಟಿಕ್ ಚೀಲ ತೊಡಿಸಿ, ಒಳಗೆ ಕ್ಲೋರಿನ್ ಪುಡಿ ಹಾಕಿದರು. ಮುಂದಿನ ವರ್ಷ ನೋಡಿದರೆ ಪುಟ್ಟ ಪುಟ್ಟ ಕಾಲನಿಗಳು ಮತ್ತೆ ಹಾಜರ್.

ಎರಡುಕಾಸು

ನನಗೆ ಇಲ್ಲೇ ಸಿಟ್ಟು ಬರುವುದು. ಸಮುದ್ರಕ್ಕೆ ಪ್ಲಾಸ್ಟಿಕ್ ಸುತ್ತಿ, ಕ್ಲೋರಿನ್ ಸುರಿದು, ಹೂಳು ಹಾಕಿ, ಕೊನೆಗೆ ಅದು ಸಾಯಲಿಲ್ಲ. ಜೊತೆಗಿದ್ದ ಬೇರೆ ಜೀವಿಗಳು ಮಾತ್ರ ಸತ್ತವು. ಜೀವಿಗಳು ಯಾವಾಗಲೂ ಊರು ಬದಲಿಸುತ್ತಲೇ ಇವೆ. "ಆಕ್ರಮಣಕಾರಿ" ಅಂತ ಹಣೆಪಟ್ಟಿ ಹಚ್ಚುವುದು ನಾವು. ಸುಮ್ನೆ ಬಿಟ್ಟರೆ ಏನಾಗುತ್ತೆ? ಯಾರಾದರೂ ನಿಜವಾದ ನಷ್ಟ ತೋರಿಸಿ.

ಚಿಪ್ಪು

ನಾನು ತೋರಿಸುತ್ತೇನೆ ಬನ್ನಿ.

ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಎರಡು ಸೀಸನ್ ಮಸೆಲ್ ಫಾರ್ಮ್‌ನಲ್ಲಿ ಕೆಲಸ ಮಾಡಿದ್ದೇನೆ. ಕೆನಡಾದ ಸಾಕಿದ ಮಸೆಲ್‌ಗಳಲ್ಲಿ ದೊಡ್ಡ ಪಾಲು ಆ ಒಂದು ದ್ವೀಪದ್ದೇ. ಅಲ್ಲಿ ಉದ್ದನೆ ಜಾಲರಿ ಚೀಲದಲ್ಲಿ ಮರಿ ಚಿಪ್ಪು ತುಂಬಿ ನೀರಿಗೆ ಇಳಿಬಿಡುತ್ತಾರೆ. "ಸಾಕ್" ಅನ್ನುತ್ತಾರೆ, ನೋಡಲೂ ಕಾಲುಚೀಲದ ಹಾಗೇ. 1998ರ ಹೊತ್ತಿಗೆ ಸ್ಟೈಲಾ ಕ್ಲಾವಾ ಅಂತ ಒಂದು ಪಿಚಕಾರಿ ಬಂತು. ತೊಟ್ಟಿನ ಮೇಲೆ ನಿಂತ ಒರಟು ತೊಗಲಿನ ದೊಣ್ಣೆ. 2004ರಲ್ಲಿ ಸಿಯೋನಾ ಇಂಟೆಸ್ಟಿನಾಲಿಸ್ ಬಂತು. ಸ್ಟೈಲಾ ಹಿಡಿದಿದ್ದ ಜಾಗವನ್ನೂ ಅದು ಕಿತ್ತುಕೊಂಡಿತು.

ನಾನು ಹೋದಾಗ ಸಿಯೋನಾ ಕಾಲ. ವಿಂಚ್ ತಿರುಗಿಸಿ ಸಾಕ್ ಮೇಲೆ ಎತ್ತಿದರೆ ಚಿಪ್ಪೇ ಕಾಣುವುದಿಲ್ಲ. ಬೆಳ್ಳಗೆ, ಲೊಳಲೊಳ ಅನ್ನುವ, ಗೇಣುದ್ದದ ಚೀಲಗಳು ಒತ್ತೊತ್ತಾಗಿ. ನೀರು ಬಿಟ್ಟು ಮೇಲೆ ಬಂದ ಕೂಡಲೇ ಎಲ್ಲ ಒಟ್ಟಿಗೆ ಕುಗ್ಗಿ ಜರ್ರ್ ಅಂತ ನೀರು ಸುರಿಸುತ್ತವೆ. ಭಾರಕ್ಕೆ ಸಾಕ್ ಕಡಿದು ಚಿಪ್ಪೆಲ್ಲ ತಳ ಸೇರಿದ್ದನ್ನು ಕಣ್ಣಾರೆ ನೋಡಿದ್ದೇನೆ. ಚಿಪ್ಪು ತಿನ್ನುವುದನ್ನೇ ಇದೂ ತಿನ್ನುತ್ತದೆ. ಫಾರ್ಮ್ ಮಾಲೀಕನನ್ನು ಕೇಳಿ, ಹಣೆಪಟ್ಟಿ ಹಚ್ಚಬೇಕೋ ಬೇಡವೋ ಅಂತ.

ಎರಡುಕಾಸು

ಫಾರ್ಮ್ ಮಾಲೀಕನಿಗೆ ನಷ್ಟ, ಒಪ್ಪಿದೆ. ಅದು ಸಮುದ್ರಕ್ಕೆ ನಷ್ಟ ಅಲ್ಲವಲ್ಲ. ಚಿಪ್ಪಿನ ಫಾರ್ಮ್ ಕೂಡ ಮನುಷ್ಯ ಮಾಡಿದ್ದೇ.

ಬೂದಿನೀರು

ಜಾರ್ಜಸ್ ಬ್ಯಾಂಕ್ ಹೆಸರು ಕೇಳಿದ್ದೀರಾ? ಅಮೆರಿಕದ ಪೂರ್ವ ಕರಾವಳಿಯಿಂದಾಚೆ, ತೆರೆದ ಸಾಗರದಲ್ಲಿ ಇರುವ ದಿಬ್ಬ. ಅಲ್ಲಿ ಫಾರ್ಮ್ ಇಲ್ಲ, ಬಂದರಿಲ್ಲ, ಹಗ್ಗ ಇಲ್ಲ. ನೂರಾರು ವರ್ಷದಿಂದ ಮೀನಿಗೆ ಹೆಸರಾದ ಜಾಗ. ಡಿಡೆಮ್ನಮ್ ಅಲ್ಲಿ ಜಲ್ಲಿಕಲ್ಲಿನ ತಳವನ್ನು ಸುಮಾರು 230 ಚದರ ಕಿಲೋಮೀಟರ್‌ನಷ್ಟು ಜಾಗದಲ್ಲಿ ಆವರಿಸಿಕೊಂಡಿದೆ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದರು.

ಗೊದಮೊಟ್ಟೆ

ಅಲ್ಲಿ ಸ್ಕ್ಯಾಲಪ್ ಚಿಪ್ಪಿನ ವಿಷಯ ಮುಖ್ಯ. ಸ್ಕ್ಯಾಲಪ್ ಮರಿ ಈ ಚಾದರದ ಮೇಲೆ ಕೂರುವುದನ್ನು ತಪ್ಪಿಸುತ್ತದೆ ಅಂತ ಪ್ರಯೋಗದಲ್ಲಿ ಕಂಡಿದ್ದಾರೆ. ದೊಡ್ಡ ಸ್ಕ್ಯಾಲಪ್ ಚಿಪ್ಪು ತೆರೆದು ಮುಚ್ಚಿ ಈಜುತ್ತದೆ ಅಲ್ವಾ, ಮೇಲೆ ಇದು ಬೆಳೆದರೆ ಅದು ಈಜುವ ದೂರವೂ ವೇಗವೂ ಕಡಿಮೆ ಆಗುತ್ತದೆ. ನಕ್ಷತ್ರಮೀನು ಅಟ್ಟಿಸಿಕೊಂಡು ಬಂದರೆ ಗತಿ ಏನು?

ಇನ್ನೊಂದು, ಇದರ ಮೈಮೇಲಿನ ಪದರ ಹುಳಿ, ಪಿಎಚ್ 2ರಿಂದ 3. ಹೊದಿಕೆಯೊಳಗೆ ಸುಣ್ಣದ ನಕ್ಷತ್ರದಂಥ ಸಣ್ಣ ಮುಳ್ಳುಗಳು. ಹಾಗಾಗಿ ತಿನ್ನುವವರು ಕಡಿಮೆ. ಕೆಲವು ಬಸವನಹುಳುಗಳು ತಿನ್ನುತ್ತವೆ, ಅದೂ ಕಾಲನಿ ಸೊರಗಿ ಸಾಯುವ ಹೊತ್ತಿಗೆ.

ಆದರೆ ಎರಡುಕಾಸು ಅವರ ಮಾತನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಅದೇ ಜಾರ್ಜಸ್ ಬ್ಯಾಂಕ್‌ನಲ್ಲಿ ಚಾದರದ ಕೆಳಗೆ ಕೆಲವು ಜಾತಿಯ ಹುಳುಗಳು ಮೊದಲಿಗಿಂತ ಜಾಸ್ತಿ ಸಿಕ್ಕಿದವು. ಮೇಲಿಂದ ಮೀನಿನ ಕಾಟ ತಪ್ಪಿತಲ್ಲ. ಹಾಗಾಗಿ "ಎಲ್ಲ ಸತ್ತುಹೋಯಿತು" ಅನ್ನುವವರನ್ನು ನಾನು ನಂಬುವುದಿಲ್ಲ. ಯಾರಿಗೋ ಲಾಭ, ಯಾರಿಗೋ ನಷ್ಟ. ಬದಲಾಗಿದ್ದು ಮಾತ್ರ ನಿಜ.

ಎರಡುಕಾಸು

ಅಬ್ಬಾ, ಒಬ್ಬರಾದರೂ ನನ್ನ ಪರ!

ಗೊದಮೊಟ್ಟೆ

ಪರ ಅಲ್ಲ ಮಾರಾಯ್ರೇ. ಅರ್ಧ.

ನಿದ್ದೆಗೆಟ್ಟವ

ಇದೇ ಅಲ್ವಾ ತನ್ನ ಮೆದುಳನ್ನು ತಾನೇ ತಿನ್ನುವ ಪ್ರಾಣಿ? ಎಲ್ಲೋ ಓದಿದ್ದೆ. ಜಾಗ ಸಿಕ್ಕಿದ ಮೇಲೆ ಮೆದುಳು ಬೇಡ ಅಂತ ತಿಂದುಬಿಡುತ್ತಂತೆ.

ತಲೆಹರಟೆ

ನಮ್ಮ ಆಫೀಸಿನಲ್ಲಿ ಪ್ರಮೋಷನ್ ಆದವರೆಲ್ಲ ಹಾಗೇ.

ಗೊದಮೊಟ್ಟೆ

ಇದನ್ನು ಎಷ್ಟು ಸಲ ತಿದ್ದಬೇಕೋ ನಾನು.

ಮರಿಗೆ ಬಾಲ ಇದೆ, ಬಾಲದೊಳಗೆ ನೋಟೊಕಾರ್ಡ್ ಅನ್ನುವ ಒಂದು ದಂಡ ಇದೆ. ನಮ್ಮ ಬೆನ್ನುಮೂಳೆ ಬೆಳೆಯುವ ಮೊದಲು ಭ್ರೂಣದಲ್ಲಿ ಇರುತ್ತದಲ್ಲ, ಅದೇ. ಸಿಯೋನಾ ಮರಿಯಲ್ಲಿ ಆ ದಂಡಕ್ಕೆ ಸರಿಯಾಗಿ 40 ಜೀವಕೋಶ. ಎಣಿಸಿಟ್ಟ ಹಾಗೆ. ಬೆಳಕು ತಿಳಿಯಲು ಒಂದು ಕಣ್ಣಿನ ಚುಕ್ಕೆ, ಮೇಲೆ ಕೆಳಗೆ ತಿಳಿಯಲು ಇನ್ನೊಂದು ಚುಕ್ಕೆ. ಜಾಗ ಸಿಕ್ಕಿದ ಮೇಲೆ ತಲೆಯ ಕಡೆಯಿಂದ ಅಂಟಿಕೊಳ್ಳುತ್ತದೆ. ಬಾಲ ಒಳಗೆ ಸೇದಿಹೋಗುತ್ತದೆ. ಮರಿಯ ನರಮಂಡಲ ಬಹುಪಾಲು ಕರಗುತ್ತದೆ. ಆದರೆ ಅದರ ಜಾಗದಲ್ಲಿ ದೊಡ್ಡದಕ್ಕೆ ಬೇಕಾದ ಹೊಸ ನರಗಂಟು ಬೆಳೆಯುತ್ತದೆ, ಎರಡು ಬಾಯಿಗಳ ನಡುವೆ. ಸಿಯೋನಾದಲ್ಲಿ ಅದನ್ನು ಕತ್ತರಿಸಿ ತೆಗೆದರೂ ಮತ್ತೆ ಬೆಳೆಸಿಕೊಳ್ಳುತ್ತದೆ! ಬಾಲದ ಗೊದಮೊಟ್ಟೆ ಕಪ್ಪೆಯಾದಾಗ "ತನ್ನ ಬಾಲ ತಾನೇ ತಿಂದಿತು" ಅನ್ನುತ್ತೀರಾ? ಇದೂ ಹಾಗೇ. ಮನೆ ಕೆಡವಿ ಅದೇ ಇಟ್ಟಿಗೆಯಲ್ಲಿ ಬೇರೆ ಮನೆ ಕಟ್ಟಿದ್ದು.

ಅಲೆಕ್ಸಾಂಡರ್ ಕೊವಲೆವ್‌ಸ್ಕಿ 1866ರಲ್ಲಿ ಈ ಮರಿಯನ್ನು ಚೆನ್ನಾಗಿ ನೋಡಿ ತೋರಿಸುವ ತನಕ ಇವನ್ನು ಚಿಪ್ಪುಮೀನಿನ ಸಂಬಂಧಿ ಅಂತಲೇ ಎಣಿಸಿದ್ದರು. ನಿಜಕ್ಕೂ ಇವು ನಮ್ಮ ಸಂಬಂಧಿ.

ಇಂಜಿನ್‌ರೂಮ್

ಅಂದರೆ ಸೀ ಚೆಸ್ಟ್‌ನಲ್ಲಿ ನನ್ನ ಕಣ್ಣಿಗೆ ನೀರು ಹಾರಿಸಿದ್ದು ದಾಯಾದಿ!

ನಿದ್ದೆಗೆಟ್ಟವ

ನಾವು ಓದುವಾಗ ಆಂಫಿಯಾಕ್ಸಸ್ ಅನ್ನುವ ಮೀನಿನಂಥ ಸಣ್ಣ ಕಡಲಜೀವಿ ನಮಗೆ ಹತ್ತಿರದ ಸಂಬಂಧಿ ಅಂತ ಇತ್ತು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕೂಡ ತೆಗೆದಿದ್ದೇನೆ.

ಗೊದಮೊಟ್ಟೆ

ಮಾರ್ಕ್ಸ್ ವಾಪಸ್ ಕೊಡಿ. 2006ರಲ್ಲಿ ಬಹಳಷ್ಟು ಜೀನ್ ಹೋಲಿಸಿ ನೋಡಿದಾಗ ಸೀ ಸ್ಕ್ವರ್ಟ್ ಕುಲವೇ ನಮಗೆ ಇನ್ನೂ ಹತ್ತಿರ ಅಂತ ತಿಳಿಯಿತು. ಸಿಯೋನಾದ ಪೂರ್ತಿ ಜೀನೋಮ್ 2002ರಲ್ಲೇ ಓದಿದ್ದರು. ಅದರಲ್ಲೂ ಒಂದು ತಮಾಷೆ. ಆಮೇಲೆ ನೋಡಿದರೆ ಆ ಒಂದು ಹೆಸರಿನಲ್ಲಿ ಎರಡು ಜಾತಿ ಇದ್ದವು. ಜೀನೋಮ್ ಓದಿದ್ದು ಈಗ ಸಿಯೋನಾ ರೋಬಸ್ಟಾ ಅನ್ನುವುದರದ್ದು. ಚಿಪ್ಪು ಅವರ ಕೈಗೆ ಸಿಕ್ಕಿದ್ದು ಇನ್ನೊಂದು.

ಇನ್ನೂ ಹೇಳಲಾ? ಪ್ರಾಣಿಗಳಲ್ಲಿ ಸೆಲ್ಯುಲೋಸ್ ತಯಾರಿಸುವ ಗುಂಪು ಇದೊಂದೇ. ಗಿಡದ ನಾರು ಇರುತ್ತದಲ್ಲ, ಅದೇ ವಸ್ತು ಇದರ ಹೊದಿಕೆಯಲ್ಲಿ. ಹಾಗಾಗಿ ನೀವು ಗಿಡವೋ ಅಂತ ಕೇಳಿದ್ದು ಪೂರ್ತಿ ಪೆದ್ದು ಪ್ರಶ್ನೆ ಅಲ್ಲ. ಹೃದಯ ಒಂದಷ್ಟು ಹೊತ್ತು ರಕ್ತವನ್ನು ಒಂದು ಕಡೆಗೆ ತಳ್ಳುತ್ತದೆ, ಆಮೇಲೆ ನಿಂತು, ಉಲ್ಟಾ ಕಡೆಗೆ ತಳ್ಳುತ್ತದೆ. ಬಾಲ ಹೋಗಿ ಈಗಷ್ಟೇ ನೆಲೆ ಹಿಡಿದ, ಗಾಜಿನಂಥ ಮೈಯ ಎಳೆ ಸಿಯೋನಾವನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಕಾಯಿರಿ. ಆ ಹೃದಯ ನಿಂತು ದಿಕ್ಕು ಬದಲಿಸುವ ಆ ಕ್ಷಣಕ್ಕೆ ಕ್ಲಾಸಿನ ಗಲಾಟೆ ಹುಡುಗರೂ ಉಸಿರು ಬಿಗಿ ಹಿಡಿದು ನೋಡುತ್ತಿದ್ದರು.

ಬೂದಿನೀರು

ವನೇಡಿಯಮ್ ಬಿಟ್ಟಿರಿ ಮೇಷ್ಟ್ರೇ.

ಗೊದಮೊಟ್ಟೆ

ಅಯ್ಯೋ ಹೌದು. 1911ರಲ್ಲಿ ಮಾರ್ಟಿನ್ ಹೆಂಜೆ ಅನ್ನುವವರು ನೇಪಲ್ಸ್ ಕೊಲ್ಲಿಯ ಸೀ ಸ್ಕ್ವರ್ಟ್ ರಕ್ತದಲ್ಲಿ ವನೇಡಿಯಮ್ ಲೋಹ ಕಂಡುಹಿಡಿದರು. ಕೆಲವು ಜಾತಿಗಳು ಸಮುದ್ರದ ನೀರಿನಲ್ಲಿ ಇರುವುದಕ್ಕಿಂತ 1 ಕೋಟಿ ಪಟ್ಟು ವರೆಗೂ ಅದನ್ನು ಕೂಡಿಟ್ಟುಕೊಳ್ಳುತ್ತವೆ.

ಎರಡುಕಾಸು

ವಿಷಯ ಎಲ್ಲಿಗೋ ಹೋಯಿತು. ನನ್ನದು ಸೀದಾ ಪ್ರಶ್ನೆ. ತಿಂದು ಮುಗಿಸಬಹುದಲ್ಲ?

ನಿದ್ದೆಗೆಟ್ಟವ

ಕೊರಿಯಾದಲ್ಲಿ ತಿನ್ನುತ್ತಾರೆ. ಕೆಂಪಗೆ, ಮೈತುಂಬಾ ಗುಬುಟು ಇರುತ್ತದೆ.

ಚಿಪ್ಪು

ನೀವು ಹೇಳುತ್ತಿರುವುದು ಮೊಂಗ್ಗೆ, ಬೇರೆ ಜಾತಿ. ನಮ್ಮ ಫಾರ್ಮ್‌ಗೆ ಕಾಟ ಕೊಟ್ಟ ಸ್ಟೈಲಾವನ್ನೂ ಕೊರಿಯಾದಲ್ಲಿ ತಿನ್ನುತ್ತಾರೆ, ಅದಕ್ಕೆ ಮಿದೊದೊಕ್ ಅನ್ನುತ್ತಾರೆ. ಒಂದು ಕಡೆ ಬೆಳೆ, ಇನ್ನೊಂದು ಕಡೆ ಕಳೆ. ಸ್ಟೈಲಾ ಯುರೋಪಿಗೆ ಬಂದದ್ದು 1953ರಲ್ಲಿ, ಇಂಗ್ಲೆಂಡಿನ ಪ್ಲಿಮತ್ ಹತ್ತಿರ ಮೊದಲು ಸಿಕ್ಕಿತು. ಕೊರಿಯಾ ಯುದ್ಧ ಮುಗಿಸಿ ವಾಪಸ್ ಬಂದ ಯುದ್ಧನೌಕೆಗಳ ತಳದಲ್ಲಿ ಬಂದಿರಬೇಕು ಅಂತ ಹೇಳುತ್ತಾರೆ.

ಡಿಡೆಮ್ನಮ್ ತಿನ್ನಲು ಆಗಲ್ಲ. ಹುಳಿ ಚಕ್ಕಳದಲ್ಲಿ ಸುಣ್ಣದ ಮುಳ್ಳು. ನೀವೇ ಮೊದಲು ತಿಂದು ನೋಡಿ ಹೇಳಿ.

ಎರಡುಕಾಸು

ಬೇಡ, ಬಿಡಿ.

ಹಗ್ಗದ_ತುದಿ

ಚಿಪ್ಪು ಅವರೇ, ನಿಮ್ಮ ಫಾರ್ಮ್‌ನಲ್ಲಿ ಹೇಗೆ ತೆಗೆಯುತ್ತಿದ್ದಿರಿ? ಅಲ್ಲಿ ಕೀಳಬಹುದು, ಇಲ್ಲಿ ಕೀಳಬಾರದು ಅಂದರೆ ನನಗೆ ಮತ್ತೆ ತಲೆ ಕೆಟ್ಟಿತು.

ಚಿಪ್ಪು

ಸಿಯೋನಾಗೆ ಜೋರು ಪ್ರೆಷರ್‌ನ ನೀರು. ಸಾಕ್ ಎತ್ತಿ, ಎರಡೂ ಕಡೆಯಿಂದ ಹೊಡೆದರೆ ಮೆತ್ತನೆ ಮೈ ಒಡೆದು ಸಾಯುತ್ತದೆ. ಸ್ಟೈಲಾ ತೊಗಲು ಗಟ್ಟಿ, ಅದಕ್ಕೆ ನೀರು ಸಾಲದು. ಸುಣ್ಣದ ನೀರು ಹೊಡೆಯುತ್ತಾರೆ. ನಾನು ಇದ್ದಾಗ ಪ್ರೆಷರ್ ನೀರು ಮಾತ್ರ.

ಅಂದಹಾಗೆ ಡಿಡೆಮ್ನಮ್‌ಗೂ ಪ್ರೆಷರ್ ವಾಶ್ ಮಾಡಬಹುದು ಅನ್ನಿಸುತ್ತದೆ ನನಗೆ. ಯಾಕೆ ಆಗಬಾರದು?

ಬೂದಿನೀರು

ದಯವಿಟ್ಟು ಮಾಡಬೇಡಿ! ಸಿಯೋನಾ ಒಂಟಿ. ಒಡೆದರೆ ಸತ್ತಿತು. ಡಿಡೆಮ್ನಮ್ ಕಾಲನಿ. ಪ್ರೆಷರ್ ನೀರು ಹೊಡೆದರೆ ನೂರು ಚೂರು ಮಾಡಿ ಬೀಜ ಎರಚಿದ ಹಾಗೆ. ನೀರಿನಲ್ಲೇ ನಿಂತು ದೋಣಿ ತಳ ಉಜ್ಜುವವರೂ ಮಾಡುವುದು ಇದನ್ನೇ. ತಳಕ್ಕೆ ಬಲೆ ಎಳೆಯುವ ಮೀನುಗಾರಿಕೆಯಲ್ಲೂ ಚಾದರ ಹರಿದು ಚೂರು ಹರಡಬಹುದು ಅಂತ ಜಾರ್ಜಸ್ ಬ್ಯಾಂಕ್ ವಿಷಯದಲ್ಲಿ ಹೇಳುತ್ತಾರೆ.

ಚಿಪ್ಪು

ಸರಿ ಸರಿ, ಒಪ್ಪಿದೆ. ಆ ದ್ವೀಪದಲ್ಲೂ ಕಾಲನಿ ಕಟ್ಟುವ ಬೇರೆ ಎರಡು ಜಾತಿ ಇದ್ದವು, ಬೊಟ್ರಿಲಸ್ ಮತ್ತು ಬೊಟ್ರಿಲಾಯ್ಡಿಸ್. ಅವಕ್ಕೆ ನೀರು ಹೊಡೆದರೆ ಪಕ್ಕದ ಸಾಲಿನಲ್ಲಿ ಜಾಸ್ತಿ ಆಗುತ್ತೆ ಅಂತ ನಮ್ಮ ಸೂಪರ್‌ವೈಸರ್ ಗೊಣಗುತ್ತಿದ್ದ. ಆಗ ಅರ್ಥ ಆಗಿರಲಿಲ್ಲ.

ಇಂಜಿನ್‌ರೂಮ್

ದೋಣಿ ಇರುವವರಿಗೆ ಒಂದು ಮಾತು. ನೀರಿನಿಂದ ಮೇಲೆ ಎತ್ತಿಸಿ ಉಜ್ಜಿ. ಉಜ್ಜಿದ್ದನ್ನು ಗುಡಿಸಿ ಚೀಲಕ್ಕೆ ತುಂಬಿ ಕಸಕ್ಕೆ ಹಾಕಿ, ಹೋಸ್ ಹಿಡಿದು ಸಮುದ್ರಕ್ಕೆ ತಳ್ಳಬೇಡಿ. ಹಗ್ಗ, ಬೂಯ್, ಲಂಗರು ಸರಪಳಿ ಚೆನ್ನಾಗಿ ಒಣಗಿಸಿ. ಸಿಹಿನೀರೂ ಇದಕ್ಕೆ ಆಗಿಬರುವುದಿಲ್ಲ. ಲಂಗರಿನ ಪೆಟ್ಟಿಗೆಯೊಳಗೆ ಒದ್ದೆ ಹಗ್ಗ ಸುತ್ತಿ ಮುಚ್ಚಿಟ್ಟು ಮುಂದಿನ ಬಂದರಿಗೆ ಹೋಗುತ್ತಾರಲ್ಲ, ಅವರಿಗೆ ಮೊದಲು ಬುದ್ಧಿ ಹೇಳಬೇಕು.

ಹಗ್ಗದ_ತುದಿ

ಈಗ ಸ್ವಲ್ಪ ಸ್ವಲ್ಪ ತಿಳಿಯಿತು. ಫೋಟೋ ತೆಗೆದು ತಿಳಿಸಿದರೆ ನಿಜಕ್ಕೂ ಏನಾದರೂ ಉಪಯೋಗ ಇದೆಯಾ? ಇಲ್ಲ, ಸುಮ್ನೆ ಫೈಲ್ ಸೇರುತ್ತಾ?

ಬೂದಿನೀರು

ಇದೆ. ಅಲಾಸ್ಕಾದ ಸಿಟ್ಕಾ ಹತ್ತಿರ ವೈಟಿಂಗ್ ಹಾರ್ಬರ್‌ನಲ್ಲಿ 2010ರಲ್ಲಿ ಇದು ಸಿಕ್ಕಿದ್ದೇ ವಿಜ್ಞಾನಿಗಳ ಜೊತೆ ಸ್ವಯಂಸೇವಕರು ಸೇರಿ ಹುಡುಕಲು ಹೋದ ದಿನ. ಅಲಾಸ್ಕಾದಲ್ಲಿ ಅದೇ ಮೊದಲು. ಆ ಕೊಲ್ಲಿಗೆ ದೋಣಿ ಓಡಾಟ ತಡೆದರು. ಪುಟ್ಟದಾಗಿದ್ದಾಗ ಸಿಕ್ಕಿದರೆ ಮಾತ್ರ ಏನಾದರೂ ಮಾಡಬಹುದು. ಹೋಲಿಹೆಡ್ ಕಥೆ ಕೇಳಿದಿರಲ್ಲ.

ಎರಡುಕಾಸು

ಚಳಿಗೆ ಸಾಯುವುದಿಲ್ಲವೇ? ಅಷ್ಟು ಉತ್ತರದಲ್ಲೂ ಇದೆಯಾ?

ಗೊದಮೊಟ್ಟೆ

ಸೊನ್ನೆಗಿಂತ 2 ಡಿಗ್ರಿ ಕೆಳಗಿನಿಂದ 24 ಡಿಗ್ರಿ ವರೆಗಿನ ನೀರಿನಲ್ಲಿ ಇದು ಸಿಕ್ಕಿದೆ. ತುಂಬಾ ಬಿಸಿ ನೀರು ಆಗುವುದಿಲ್ಲ. ಚಳಿಗಾಲದಲ್ಲಿ ಚಾದರ ಸೊರಗಿ, ಕಪ್ಪಾಗಿ, ಉದುರುತ್ತದೆ. ಬೂದಿನೀರು ಅವರು ನೋಡಿರುತ್ತಾರೆ.

ಬೂದಿನೀರು

ಇವತ್ತೇ ನೋಡಿ ಬಂದೆ. ನೀರು 4 ಡಿಗ್ರಿ, ತುಟಿ ಮರಗಟ್ಟಿತ್ತು. ಆಗಸ್ಟ್‌ನಲ್ಲಿ ಪೂರ್ತಿ ಹಳದಿಯಾಗಿದ್ದ ಬಂಡೆ ಈಗ ಬರೀ ಬಂಡೆ. ಬಾರ್ನಕಲ್ ಎಲ್ಲ ಕಾಣುತ್ತಿವೆ. ಒಂದು ಕ್ಷಣ ಖುಷಿ ಆಯಿತು. ಆಮೇಲೆ ಅಭ್ಯಾಸಬಲದಿಂದ ಕೆಳಗಿನ ಬಿರುಕಿಗೆ ಟಾರ್ಚ್ ಹಿಡಿದೆ. ಒಳಗೆ, ಕೈ ಹೋಗದ ಕಡೆ, ಉಗುರಿನಷ್ಟು ಅಗಲದ ಹಳದಿ ತೇಪೆ. ಮೇಲೆ ಸೂಜಿಮೊನೆಯಷ್ಟು ತೂತುಗಳು. ಬೆಳಕು ಬಿದ್ದ ಕೂಡಲೇ ಒಂದೊಂದಾಗಿ ಮುಚ್ಚಿಕೊಂಡವು.

ತಲೆಹರಟೆ

ಕಿತ್ತಿರಾ?

ಬೂದಿನೀರು

ಇಲ್ಲಪ್ಪ. ಫೋಟೋ ತೆಗೆದೆ. ಚಳಿಗೆ ಕೈ ನಡುಗಿ ಮಸುಕಾಗಿದೆ, ಇನ್ನೊಮ್ಮೆ ಹೋಗಬೇಕು.